ದಾಖಲಾತಿ ರಿಜಿಸ್ಟರಿನಿಂದ ಪರದೆಗೆ: ಒಂದು ಸಣ್ಣ ತಂತ್ರಾಂಶದ ಹಿಂದಿನ ಚರಿತ್ರೆ

ನಮ್ಮ ಪ್ರೌಢಶಾಲೆಯ ಕಚೇರಿಯಲ್ಲಿರುವ ಕಬ್ಬಿಣದ ಬೀರುವಿನಲ್ಲಿ ಐದು ದಪ್ಪ ದಾಖಲಾತಿ ರಿಜಿಸ್ಟರುಗಳಿವೆ. ಮೊದಲನೆಯದು ಶಾಲೆ ಆರಂಭವಾದ 1974ರದು. ಅದರ ಮೊದಲ ಪುಟಗಳನ್ನು ಆಗಿನ ಮುಖ್ಯೋಪಾಧ್ಯಾಯರೇ ನೀಲಿ ಶಾಯಿಯಲ್ಲಿ ಬರೆದಿದ್ದಾರೆ. ಅಂಚುಗಳನ್ನು ಹುಳು ತಿಂದಿದ್ದರೂ ಹೆಸರುಗಳು ಉಳಿದಿವೆ. ಸುವರ್ಣ ಮಹೋತ್ಸವ ಸಮಿತಿಯ ಮೊದಲ ಸಭೆಯಲ್ಲಿ, ಈ ಐದೂ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸಬೇಕು, ಯಾವ ಹಳೆಯ ವಿದ್ಯಾರ್ಥಿ ಬಂದು ಕೇಳಿದರೂ ಅವರ ದಾಖಲೆ ಕೂಡಲೇ ಸಿಗುವಂತಿರಬೇಕು ಎಂದು ತೀರ್ಮಾನವಾಯಿತು. ತಂತ್ರಾಂಶ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು 1989ನೇ ಸಾಲಿನ ಎಸ್.ಎಸ್.ಎಲ್.ಸಿ. ವಿದ್ಯಾರ್ಥಿ. ಹೊಟ್ಟೆಪಾಡಿಗೆ ಪ್ರೋಗ್ರಾಂ ಬರೆಯುವವನು. ಹಾಗಾಗಿ ಬೇರೆ ಯಾರ ಹೆಸರೂ ಚರ್ಚೆಗೆ ಬರಲಿಲ್ಲ.

ಸಭೆ ಮುಗಿದ ಮೇಲೆ ನಮ್ಮ ನಿವೃತ್ತ ಗಣಿತ ಮೇಷ್ಟ್ರು ಜಗುಲಿಯ ಮೇಲೆ ನನ್ನನ್ನು ನಿಲ್ಲಿಸಿಕೊಂಡರು. "ಏನಪ್ಪಾ, ಮಾಡ್ತೀಯ ಸರಿ. ಹೋದ ಸಲದ ಹಾಗೆ ಆಗಬಾರದು ನೋಡು" ಎಂದರು. ಅವರ ಮಾತಿನಲ್ಲಿ ಕೋಪವೇನೂ ಇರಲಿಲ್ಲ. ಆದರೆ ನನಗೆ ಮುಖ ಎತ್ತಲಾಗಲಿಲ್ಲ. ಹೋದ ಸಲ ಏನಾಯಿತು ಎಂಬುದನ್ನು ಹೇಳದೆ ಈ ಸಲ ಯಾವ ಉಪಕರಣ ಆರಿಸಿಕೊಂಡೆ, ಏಕೆ ಆರಿಸಿಕೊಂಡೆ ಎಂದು ಹೇಳಲಾರೆ. ಅದನ್ನು ಹೇಳಹೊರಟರೆ ಈ ಉಪಕರಣಗಳ ಚರಿತ್ರೆಯೂ ಜೊತೆಗೆ ಬರುತ್ತದೆ. ಸಮಿತಿಯವರು ಪುಟ ಕೊಟ್ಟಿದ್ದಾರೆ, ಓದುಗರು ಸ್ವಲ್ಪ ತಾಳ್ಮೆ ಕೊಡಬೇಕು.

2003ರಲ್ಲಿ, ಶಾಲೆಗೆ ಕಂಪ್ಯೂಟರ್ ಕೊಠಡಿ ಬಂದ ಹೊಸತರಲ್ಲಿ, ನಾನು ಉಚಿತವಾಗಿ ಒಂದು ಅಂಕಪಟ್ಟಿ ತಂತ್ರಾಂಶ ಬರೆದುಕೊಟ್ಟಿದ್ದೆ. ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ಆರು ವಿಷಯಗಳ ಅಂಕಗಳು, ಕೆಳಗೆ ಮೂರು ಗುಂಡಿಗಳು: ಸೇರಿಸು, ಹುಡುಕು, ಮುದ್ರಿಸು. ಬರೆದದ್ದು ವಿಷುಯಲ್ ಬೇಸಿಕ್‌ನಲ್ಲಿ. ಆಗ ನನಗೆ ಬೇರೇನೂ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಮೊದಲ ಅಂಕಪಟ್ಟಿ ಮುದ್ರಣವಾಗಿ ಹೊರಬಂದಾಗ ಸಿಬ್ಬಂದಿ ಕೊಠಡಿಯಲ್ಲಿ ಎಲ್ಲರಿಗೂ ಚಹಾ, ಬೋಂಡ ತರಿಸಿದ್ದರು.

ಇಂದಿನ ಮಕ್ಕಳಿಗೆ ಪರದೆಯ ಮೇಲಿನ ಗುಂಡಿ, ಪೆಟ್ಟಿಗೆ, ಪಟ್ಟಿ ಎಲ್ಲವೂ ಗಾಳಿ ನೀರಿನಷ್ಟೇ ಸಹಜ. ಅವು ಹುಟ್ಟಿದ್ದು ನಮ್ಮ ಶಾಲೆ ಹುಟ್ಟಿದ ಕಾಲದಲ್ಲೇ. ಡಗ್ಲಾಸ್ ಎಂಗೆಲ್‌ಬಾರ್ಟ್ ಎಂಬ ಎಂಜಿನಿಯರ್ 1968ರ ಡಿಸೆಂಬರಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಒಂದು ಸಮ್ಮೇಳನದಲ್ಲಿ ಮೌಸನ್ನು ಸಾರ್ವಜನಿಕವಾಗಿ ತೋರಿಸಿದರು. 1973ರಲ್ಲಿ ಝೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ ಆಲ್ಟೋ ಎಂಬ ಕಂಪ್ಯೂಟರ್ ತಯಾರಾಯಿತು. ನಮ್ಮ ಶಾಲೆಗಿಂತ ಒಂದು ವರ್ಷ ದೊಡ್ಡದು. ಅಲ್ಲಿ ಅಲನ್ ಕೇ, ಡಾನ್ ಇಂಗಾಲ್ಸ್, ಅಡೆಲ್ ಗೋಲ್ಡ್‌ಬರ್ಗ್ ಮೊದಲಾದವರು ಸ್ಮಾಲ್‌ಟಾಕ್ ಎಂಬ ಭಾಷೆಯನ್ನೂ ಅದರೊಳಗೇ ಕಿಟಕಿಗಳ ವ್ಯವಸ್ಥೆಯನ್ನೂ ಕಟ್ಟಿದರು. ಮಕ್ಕಳೂ ಪ್ರೋಗ್ರಾಂ ಬರೆಯುವಂತಾಗಬೇಕು ಎಂಬುದು ಅವರ ಕನಸಾಗಿತ್ತು. 1984ರ ಜನವರಿಯಲ್ಲಿ ಆಪಲ್‌ನ ಮ್ಯಾಕಿಂಟಾಷ್ ಬಂದ ಮೇಲೆ ಕಿಟಕಿ, ಗುಂಡಿ, ಮೆನುಗಳು ಮನೆಮನೆಗೆ ಹೋಗತೊಡಗಿದವು. 1985ರ ಕೊನೆಯಲ್ಲಿ ಮೈಕ್ರೋಸಾಫ್ಟ್‌ನ ವಿಂಡೋಸ್ ಬಂತು. ಅದು ನಿಜವಾಗಿ ಜನಪ್ರಿಯವಾದದ್ದು 1990ರ ಮೂರನೆಯ ಆವೃತ್ತಿಯಿಂದ.

ಬಳಸುವವನಿಗೆ ಕೆಲಸ ಸುಲಭವಾದಷ್ಟೂ ಬರೆಯುವವನಿಗೆ ಕಷ್ಟ ಹೆಚ್ಚಾಯಿತು. ಹಳೆಯ ಪ್ರೋಗ್ರಾಂ ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ನೇರವಾಗಿ ನಡೆಯುತ್ತಿತ್ತು: ಹೆಸರು ಕೇಳು, ಅಂಕ ಕೇಳು, ಕೂಡು, ಮುದ್ರಿಸು. ಕಿಟಕಿಯ ಪ್ರೋಗ್ರಾಂ ಹಾಗಲ್ಲ. ಅದು ಮುಖ್ಯೋಪಾಧ್ಯಾಯರ ಕೊಠಡಿಯ ಹೊರಗೆ ಸ್ಟೂಲಿನ ಮೇಲೆ ಕೂತ ಅಟೆಂಡರರ ಹಾಗೆ ಕಾಯುತ್ತಿರಬೇಕು. ಯಾವ ಗುಂಡಿ ಯಾವಾಗ ಒತ್ತುತ್ತಾರೋ ಮೊದಲೇ ತಿಳಿಯದು. ಒತ್ತಿದ ಕೂಡಲೇ ಎದ್ದು, ಹೇಳಿದ ಕೆಲಸ ಮಾಡಿ, ಮತ್ತೆ ಬಂದು ಕೂರಬೇಕು. ವಿಂಡೋಸಿನ ಆರಂಭದ ದಿನಗಳಲ್ಲಿ ಇದನ್ನೆಲ್ಲ ಸಿ ಭಾಷೆಯಲ್ಲಿ ಕೈಯಿಂದಲೇ ಬರೆಯಬೇಕಿತ್ತು. ಒಂದು ಖಾಲಿ ಕಿಟಕಿ ತೆರೆದು ನಡುವೆ ಒಂದು ನಮಸ್ಕಾರ ತೋರಿಸುವುದಕ್ಕೇ ಎಪ್ಪತ್ತು ಎಂಬತ್ತು ಸಾಲು ಬೇಕಾಗುತ್ತಿತ್ತು. ನಾನು ಪಾಲಿಟೆಕ್ನಿಕ್ ಮುಗಿಸಿ ಬೆಂಗಳೂರಿಗೆ ಹೋದಾಗ ಅಂಥ ಒಂದು ಪ್ರೋಗ್ರಾಮನ್ನು ಮೂರು ದಿನ ನಕಲು ಮಾಡಿ, ನಾಲ್ಕನೆಯ ದಿನ ಕಿಟಕಿ ಕಂಡು ಕುಣಿದಿದ್ದೆ. ಆ ಕಿಟಕಿಯನ್ನು ಮುಚ್ಚಿದರೂ ಪ್ರೋಗ್ರಾಂ ನಿಲ್ಲುತ್ತಿರಲಿಲ್ಲ ಎಂಬುದು ಬೇರೆ ವಿಷಯ.

ಈ ಕಷ್ಟವನ್ನು ಕಡಿಮೆ ಮಾಡಿದವರು ಹಲವರು. ಆಪಲ್‌ನ ಬಿಲ್ ಅಟ್ಕಿನ್ಸನ್ 1987ರಲ್ಲಿ ಹೈಪರ್‌ಕಾರ್ಡ್ ಮಾಡಿದರು. ಕಾರ್ಡುಗಳ ಕಟ್ಟಿನಂತೆ ಪರದೆಗಳನ್ನು ಜೋಡಿಸಿ, ಮೇಲೆ ಗುಂಡಿ ಇಟ್ಟು, ಗುಂಡಿಗೆ ಸರಳ ಇಂಗ್ಲಿಷಿನಂತಹ ಆಜ್ಞೆ ಕಟ್ಟಬಹುದಾಗಿತ್ತು. ಮ್ಯಾಕಿಂಟಾಷ್ ಕೊಂಡವರಿಗೆ ಅದನ್ನು ಪುಕ್ಕಟೆ ಕೊಡುತ್ತಿದ್ದರು. ಶಾಲಾ ಮೇಷ್ಟ್ರುಗಳೂ ಅದರಲ್ಲಿ ಪಾಠಗಳನ್ನು ಕಟ್ಟಿದರು. ಮುಂದಿನ ವರ್ಷ ನೆಕ್ಸ್ಟ್ ಎಂಬ ಕಂಪ್ಯೂಟರಿನ ಜೊತೆ ಇಂಟರ್‌ಫೇಸ್ ಬಿಲ್ಡರ್ ಬಂತು. ಅದನ್ನು ರೂಪಿಸಿದವರು ಫ್ರಾನ್ಸಿನ ಜಾನ್ ಮರೀ ಯೂಲೋ. ಕಿಟಕಿಯನ್ನು ಬರೆಯುವ ಬದಲು ಮೌಸಿನಿಂದ ಚಿತ್ರದಂತೆ ಬಿಡಿಸುವ ಉಪಕರಣ ಅದು. ಟಿಮ್ ಬರ್ನರ್ಸ್ ಲೀ 1990ರಲ್ಲಿ ಜಗತ್ತಿನ ಮೊದಲ ವೆಬ್ ಬ್ರೌಸರನ್ನು ಕಟ್ಟಿದ್ದು ಈ ನೆಕ್ಸ್ಟ್ ಯಂತ್ರದ ಮೇಲೆಯೇ.

ಇವೆರಡನ್ನೂ ನಾನು ಆ ಕಾಲದಲ್ಲಿ ಕಣ್ಣಿಂದ ಕಂಡವನಲ್ಲ. ನಮ್ಮಂಥವರ ಕೈಗೆ ಸಿಕ್ಕಿದ್ದು ವಿಷುಯಲ್ ಬೇಸಿಕ್. ಅದರ ಕಥೆ ಸ್ವಾರಸ್ಯವಾಗಿದೆ. ಅಲನ್ ಕೂಪರ್ ಎಂಬ ಸ್ವತಂತ್ರ ಪ್ರೋಗ್ರಾಮರ್ ಟ್ರೈಪಾಡ್ ಎಂಬ ಹೆಸರಿನ ಒಂದು ಉಪಕರಣ ಕಟ್ಟಿದ್ದರು. ಬಳಸುವವರು ತಮ್ಮ ಪರದೆಯನ್ನು ತಾವೇ ಎಳೆದು ಜೋಡಿಸಿಕೊಳ್ಳಲಿ ಎಂಬುದು ಅವರ ಉದ್ದೇಶ. 1988ರಲ್ಲಿ ಅದನ್ನು ಬಿಲ್ ಗೇಟ್ಸ್ ಅವರಿಗೆ ತೋರಿಸಿದರು. ಗೇಟ್ಸ್ ಕೊಂಡರು. ಮಾಣಿಕ್ಯ ಎಂಬ ಅರ್ಥದ ರೂಬಿ ಎಂಬ ಗುಪ್ತನಾಮದಲ್ಲಿ ಕೆಲಸ ಮುಂದುವರಿಯಿತು. ಕೊನೆಗೆ ಮೈಕ್ರೋಸಾಫ್ಟ್ ಅದಕ್ಕೆ ತನ್ನ ಬೇಸಿಕ್ ಭಾಷೆಯನ್ನು ಕೂಡಿಸಿತು. ಬೇಸಿಕ್ ಭಾಷೆ 1964ರಷ್ಟು ಹಿಂದೆಯೇ ಡಾರ್ಟ್‌ಮತ್ ಕಾಲೇಜಿನಲ್ಲಿ, ವಿಜ್ಞಾನ ಓದದ ವಿದ್ಯಾರ್ಥಿಗಳಿಗೂ ಕಂಪ್ಯೂಟರ್ ದಕ್ಕಲಿ ಎಂದು ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ಎಂಬ ಗಣಿತದ ಪ್ರಾಧ್ಯಾಪಕರು ರೂಪಿಸಿದ್ದು. ಹೀಗೆ ಒಬ್ಬರ ಚಿತ್ರಬಿಡಿಸುವ ಹಲಗೆ, ಇನ್ನಿಬ್ಬರ ಪಾಠದ ಭಾಷೆ ಸೇರಿ 1991ರ ಮೇ ತಿಂಗಳಲ್ಲಿ ವಿಷುಯಲ್ ಬೇಸಿಕ್ ಆಯಿತು.

ಅದರ ರುಚಿ ಹತ್ತಿದವರಿಗೆ ಗೊತ್ತು. ಎಡಗಡೆ ಉಪಕರಣಗಳ ಪೆಟ್ಟಿಗೆ, ನಡುವೆ ಚುಕ್ಕಿ ಚುಕ್ಕಿಯ ಬೂದು ಹಾಳೆ. ಗುಂಡಿಯನ್ನು ಎಳೆದು ಹಾಳೆಯ ಮೇಲೆ ಇಡು. ಅದರ ಮೇಲೆ ಎರಡು ಬಾರಿ ಒತ್ತು. ಬರೆಯುವ ಜಾಗ ತೆರೆದುಕೊಳ್ಳುತ್ತದೆ. ನಾಲ್ಕು ಸಾಲು ಬರೆ. ಮುಗಿಯಿತು. ತೊಂಬತ್ತರ ದಶಕದಲ್ಲಿ ಪ್ರತಿ ತಾಲ್ಲೂಕು ಕೇಂದ್ರದಲ್ಲೂ ಬಸ್ ಸ್ಟ್ಯಾಂಡಿನ ಎದುರಿನ ಮಹಡಿಯ ಮೇಲೆ ಕಂಪ್ಯೂಟರ್ ತರಬೇತಿಯ ಬೋರ್ಡು ನೇತಾಡುತ್ತಿತ್ತು. ಅದರಲ್ಲಿ ಡಿ.ಟಿ.ಪಿ., ಟ್ಯಾಲಿ ಜೊತೆಗೆ ವಿ.ಬಿ. ಎಂಬ ಎರಡಕ್ಷರ ಇದ್ದೇ ಇರುತ್ತಿತ್ತು. ಸಗಟು ಕಿರಾಣಿ ಅಂಗಡಿಯ ಬಿಲ್ಲು, ನರ್ಸಿಂಗ್ ಹೋಮಿನ ಚೀಟಿ, ಸಹಕಾರ ಸಂಘದ ಲೆಕ್ಕ, ಎಲ್ಲವನ್ನೂ ನಾವು ಅದರಲ್ಲೇ ಬರೆದೆವು. ಕಂಪ್ಯೂಟರ್ ವಿಜ್ಞಾನದ ಪಂಡಿತರು ಬೇಸಿಕ್ ಅಂದರೆ ಮೂಗು ಮುರಿಯುತ್ತಿದ್ದರು. ಅವರ ಮಾತಿನಲ್ಲೂ ಹುರುಳಿತ್ತು, ಆದರೆ ನಮ್ಮ ಮನೆಯ ಒಲೆ ಉರಿದದ್ದು ಅದರಿಂದಲೇ.

1995ರಲ್ಲಿ ಅದಕ್ಕೊಬ್ಬ ಪ್ರತಿಸ್ಪರ್ಧಿ ಬಂತು. ಬೋರ್ಲ್ಯಾಂಡ್ ಕಂಪನಿಯ ಡೆಲ್ಫಿ. ಅದನ್ನು ರೂಪಿಸಿದ ತಂಡದ ಮುಖ್ಯಸ್ಥ ಡೆನ್ಮಾರ್ಕಿನ ಆಂಡರ್ಸ್ ಹೆಲ್ಸ್‌ಬರ್ಗ್. ಚಿತ್ರ ಬಿಡಿಸುವ ಹಲಗೆ ಅದೇ ಬಗೆಯದು. ಒಳಗಿನ ಭಾಷೆ ಮಾತ್ರ ನಿಕ್ಲಾಸ್ ವಿರ್ತ್ ವಿದ್ಯಾರ್ಥಿಗಳಿಗಾಗಿ ಮಾಡಿದ ಪ್ಯಾಸ್ಕಲ್‌ನ ವಂಶದ್ದು. ಡೆಲ್ಫಿಯಲ್ಲಿ ಮಾಡಿದ ತಂತ್ರಾಂಶ ಒಂದೇ ಕಡತವಾಗಿ ಬರುತ್ತಿತ್ತು. ಫ್ಲಾಪಿಯಲ್ಲಿ ಹಾಕಿಕೊಂಡು ಹೋಗಿ ಯಾವ ಯಂತ್ರದಲ್ಲಿ ತೆರೆದರೂ ಓಡುತ್ತಿತ್ತು. ವಿಷುಯಲ್ ಬೇಸಿಕ್‌ನಲ್ಲಿ ಹಾಗಿರಲಿಲ್ಲ. ಅದರ ಜೊತೆ ಹಲವು ಸಹಾಯಕ ಕಡತಗಳನ್ನು ಕಟ್ಟಿ ಕಳಿಸಬೇಕು. ಒಂದು ತಪ್ಪಿದರೂ ಪ್ರೋಗ್ರಾಂ ಎದ್ದೇಳದು. ನನ್ನ ಸಹೋದ್ಯೋಗಿಯೊಬ್ಬರು ಡೆಲ್ಫಿಗೆ ಬಾ ಎಂದು ಎರಡು ವರ್ಷ ಹೇಳಿದರು. ಪತ್ರಿಕೆಯ ಉದ್ಯೋಗ ಜಾಹೀರಾತುಗಳಲ್ಲಿ ವಿ.ಬಿ. ಎಂದೇ ಇರುತ್ತಿತ್ತು, ನಾನು ಹೋಗಲಿಲ್ಲ. ಉಪಕರಣ ಆರಿಸುವಾಗ ಗುಣಕ್ಕಿಂತ ಸಂಬಳ ಮೊದಲು ಕಾಣುತ್ತದೆ. ಇದನ್ನು ನಾಚಿಕೆಯಿಲ್ಲದೆ ಒಪ್ಪುತ್ತೇನೆ.

ಇಲ್ಲಿಗೆ 2003ರ ನಮ್ಮ ಅಂಕಪಟ್ಟಿಗೆ ಬರಬಹುದು. ಅದರಲ್ಲಿ ನಾನು ಮೂರು ತಪ್ಪು ಮಾಡಿದೆ. ಮೂರನ್ನೂ ತಪ್ಪೆಂದು ಆಗ ತಿಳಿದಿರಲಿಲ್ಲ.

ಕನ್ನಡದ್ದನ್ನು ಮೊದಲು ಹೇಳುತ್ತೇನೆ. ಯೂನಿಕೋಡ್ ಸಂಕೇತ ಪದ್ಧತಿಯಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್.ಪಿ.ಗೂ ಕನ್ನಡ ತಿಳಿಯುತ್ತಿತ್ತು. ಆದರೆ 1998ರ ವಿಷುಯಲ್ ಬೇಸಿಕ್ 6ರ ಪಠ್ಯಪೆಟ್ಟಿಗೆಗಳು ಹಳೆಯ ಎಂಟು ಬಿಟ್ಟಿನ ಪದ್ಧತಿಯವು. ಅದರಲ್ಲಿ ಒಂದು ಸಲಕ್ಕೆ 256 ಸಂಕೇತಗಳಿಗಷ್ಟೇ ಜಾಗ. ಕನ್ನಡಕ್ಕೆ ವಿಂಡೋಸಿನಲ್ಲಿ ಅಂಥ ಎಂಟು ಬಿಟ್ಟಿನ ಪುಟವೇ ಇರಲಿಲ್ಲ. ಯೂನಿಕೋಡ್ ಕನ್ನಡ ಹಾಕಿದರೆ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳು. ಅದಕ್ಕೆ ಆಗ ಎಲ್ಲರೂ ಹಿಡಿಯುತ್ತಿದ್ದ ದಾರಿಯನ್ನೇ ನಾನೂ ಹಿಡಿದೆ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚೂರುಗಳನ್ನು ಕೂಡಿಸಿದ ಫಾಂಟು ಬಳಸಿದೆ. ತಲೆಕಟ್ಟು ಒಂದು ಚೂರು, ಕೊಂಬು ಒಂದು ಚೂರು, ಒತ್ತು ಇನ್ನೊಂದು ಚೂರು. ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಇವುಗಳಿಂದ ನಾಡಿನ ಕಚೇರಿಗಳೆಲ್ಲ ಕನ್ನಡದಲ್ಲಿ ಟೈಪ್ ಮಾಡುವಂತಾದದ್ದು ಇಂಥ ಫಾಂಟುಗಳ ಬಲದಿಂದಲೇ. ಆ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಫಾಂಟು ತೆಗೆದರೆ ಕಡತದಲ್ಲಿ ಉಳಿಯುವುದು ಇಂಗ್ಲಿಷ್ ಅಕ್ಷರ, ಮೇಲೆ ಚುಕ್ಕಿ ಗೀಟು ಹೊತ್ತ ಫ್ರೆಂಚ್ ಅಕ್ಷರ. ಕಂಪ್ಯೂಟರಿಗೆ ಅದು ಕನ್ನಡವೆಂದು ಗೊತ್ತೇ ಇರುವುದಿಲ್ಲ.

ಆರು ವಿಷಯ, ಗರಿಷ್ಠ ಅಂಕ ಇಷ್ಟು ಎಂಬುದನ್ನು ಪ್ರೋಗ್ರಾಮಿನೊಳಗೇ ಕೆತ್ತಿಬಿಟ್ಟಿದ್ದು ಇನ್ನೊಂದು ತಪ್ಪು. ಮುಂದೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬಂದು ಅಂಕದ ಜೊತೆ ಶ್ರೇಣಿ ಸೇರಿದಾಗ ನಮ್ಮ ತಂತ್ರಾಂಶ ಮೂಕವಾಯಿತು. ತಿದ್ದೋಣವೆಂದರೆ ಶಾಲೆಯ ಬಳಿ ಇದ್ದದ್ದು ಓಡುವ ಕಡತ ಮಾತ್ರ. ಮೂಲ ಬರಹ ನನ್ನ ಬಳಿ, ಬೆಂಗಳೂರಿನ ಬಾಡಿಗೆ ಮನೆಯ ಕಂಪ್ಯೂಟರಿನಲ್ಲಿ ಇತ್ತು. ಮನೆ ಬದಲಾಯಿಸುವಾಗ ಆ ಹಾರ್ಡ್ ಡಿಸ್ಕ್ ಕೆಟ್ಟಿತು. ಪ್ರತಿ ಇಟ್ಟಿರಲಿಲ್ಲ. ಇದೇ ಮೂರನೆಯದು, ಎಲ್ಲಕ್ಕಿಂತ ದೊಡ್ಡದು. ವಿಜ್ಞಾನದ ಮೇಡಂ ಒಬ್ಬರು ತಾವೇ ಕಲಿತು ತಿದ್ದಲು ಸಿದ್ಧರಿದ್ದರಂತೆ. ಅವರ ಕೈಗೆ ತಿದ್ದುವುದಕ್ಕೆ ಏನೂ ಸಿಗಲಿಲ್ಲ. ಕೊಳ್ಳಲು ವಿಷುಯಲ್ ಬೇಸಿಕ್‌ನ ಬೆಲೆಯೂ ಶಾಲೆಗೆ ಎಟಕುವಂಥದ್ದಾಗಿರಲಿಲ್ಲ. ಅಷ್ಟರಲ್ಲಿ ಮೈಕ್ರೋಸಾಫ್ಟ್ 2002ರಲ್ಲೇ ವಿ.ಬಿ. ಡಾಟ್ ನೆಟ್ ತಂದಿತ್ತು. ಅದು ಹೆಸರಿಗೆ ಬೇಸಿಕ್ಕೇ ಆದರೂ ಹಳೆಯ ಪ್ರೋಗ್ರಾಂ ಅದರಲ್ಲಿ ಹಾಗೇ ಓಡುತ್ತಿರಲಿಲ್ಲ. ಹಳೆಯ ಆವೃತ್ತಿಗೆ ಬೆಂಬಲ ಮುಂದುವರಿಸಿ ಎಂದು ಜಗತ್ತಿನ ಬಹಳ ಮಂದಿ ಪ್ರೋಗ್ರಾಮರುಗಳು 2005ರಲ್ಲಿ ಮನವಿ ಸಲ್ಲಿಸಿದರು. 2008ರ ಏಪ್ರಿಲ್‌ಗೆ ಅದರ ಬರೆಯುವ ಉಪಕರಣಕ್ಕೆ ಬೆಂಬಲ ಪೂರ್ತಿ ನಿಂತಿತು. ನಮ್ಮ ಶಾಲೆಯವರು ಮತ್ತೆ ಕೈಬರಹದ ಅಂಕಪಟ್ಟಿಗೆ ಮರಳಿದರು. ಮೇಷ್ಟ್ರು ಜಗುಲಿಯ ಮೇಲೆ ನೆನಪಿಸಿದ್ದು ಇದನ್ನೇ.

ಈ ಸಲ ಕಾಗದ ತೆಗೆದುಕೊಂಡು ಮೊದಲು ಬರೆದದ್ದು ಉಪಕರಣಗಳ ಹೆಸರನ್ನಲ್ಲ, ಶಾಲೆಯ ಸ್ಥಿತಿಯನ್ನು. ಪ್ರಯೋಗಾಲಯದಲ್ಲಿ ಓಡುವ ಕಂಪ್ಯೂಟರ್ ಏಳು. ಎಲ್ಲದರಲ್ಲೂ ಉಬುಂಟು ಲಿನಕ್ಸ್. ಯಂತ್ರಗಳು ಹಳೆಯವು, ನೆನಪಿನ ಶಕ್ತಿ ಕಡಿಮೆ. ಇಂಟರ್ನೆಟ್ ಬಂದರೆ ಬಂತು. ಖರ್ಚಿಗೆ ಹಣವಿಲ್ಲ. ಮುಂದೆ ನೋಡಿಕೊಳ್ಳುವವರು ಕಂಪ್ಯೂಟರ್ ತರಗತಿ ತೆಗೆದುಕೊಳ್ಳುವ ಶಿಕ್ಷಕಿ. ಅವರಿಗೆ ಪೈಥಾನ್ ಸ್ವಲ್ಪ ಬರುತ್ತದೆ, ಆಸಕ್ತಿ ಬಹಳ ಇದೆ. ಇವಿಷ್ಟನ್ನೂ ಬರೆದ ಮೇಲೆ ಅರ್ಧ ಆಯ್ಕೆ ತಾನಾಗಿಯೇ ಮುಗಿದಿತ್ತು. ವಿಷುಯಲ್ ಬೇಸಿಕ್‌ನ ವಂಶದವು ಹೋದವು. ಈಗ ಬಹಳ ಜನ ಹಿಡಿಯುವ ಎಲೆಕ್ಟ್ರಾನ್ ಕೂಡ ಹೋಯಿತು. ಅದರಲ್ಲಿ ಒಂದೊಂದು ಸಣ್ಣ ತಂತ್ರಾಂಶವೂ ತನ್ನೊಳಗೆ ಒಂದು ಇಡೀ ಬ್ರೌಸರನ್ನೇ ಹೊತ್ತುಕೊಂಡು ಬರುತ್ತದೆ. ನಮ್ಮ ಪ್ರಯೋಗಾಲಯದ ಯಂತ್ರಗಳಿಗೆ ಆ ಭಾರ ತಡೆಯದು.

ಉಳಿದವು ಉಚಿತ ಹಾಗೂ ಮುಕ್ತ ಉಪಕರಣಗಳು. ಅವುಗಳಿಗೂ ಒಂದೊಂದು ಕಥೆಯಿದೆ.

ಹಿರಿಯದು ಟಿಕೆ. ಕ್ಯಾಲಿಫೋರ್ನಿಯಾದ ಬರ್ಕಲಿಯ ಪ್ರಾಧ್ಯಾಪಕ ಜಾನ್ ಔಸ್ಟರ್‌ಹೌಟ್ 1988ರಲ್ಲಿ ಟಿಕಲ್ ಎಂಬ ಪುಟ್ಟ ಭಾಷೆ ಮಾಡಿದರು. ಕೆಲ ವರ್ಷಗಳಲ್ಲೇ ಅದಕ್ಕೆ ಗುಂಡಿ ಪೆಟ್ಟಿಗೆಗಳ ಟಿಕೆ ಸೇರಿತು. ಹಿಂದೆ ಎಂಬತ್ತು ಸಾಲು ಬೇಕಾಗಿದ್ದ ಕೆಲಸ ಟಿಕೆಯಲ್ಲಿ ಎರಡು ಸಾಲಿಗೆ ಇಳಿಯಿತು. ಪೈಥಾನ್ ಭಾಷೆಯವರು ಅದನ್ನೇ ತಮ್ಮ ಮನೆಗೆ ಕರೆತಂದು ಟಿಕಿಂಟರ್ ಎಂದು ಕರೆದರು. ಇಂದಿಗೂ ಪೈಥಾನ್ ಕಲಿಯುವವರು ಕಿಟಕಿ ಮಾಡಬೇಕೆಂದರೆ ಮೊದಲು ಮುಟ್ಟುವುದು ಅದನ್ನೇ. ದತ್ತಾಂಶ ಇಡಲು ನಾನು ಬಳಸಿದ ಎಸ್‌ಕ್ಯೂಲೈಟ್ ಕೂಡ 2000ದಲ್ಲಿ ರಿಚರ್ಡ್ ಹಿಪ್ ಅವರ ಕೈಯಲ್ಲಿ ಹುಟ್ಟಿದ್ದು ಟಿಕಲ್ ಭಾಷೆಯ ಒಂದು ಸೇರ್ಪಡೆಯಾಗಿ. ಈಗ ಅದು ನಮ್ಮೆಲ್ಲರ ಮೊಬೈಲಿನ ಒಳಗೂ ಇದೆ.

ಎರಡನೆಯದು ಕ್ಯೂಟಿ, ನಾರ್ವೆಯ ಇಬ್ಬರು ಎಂಜಿನಿಯರುಗಳು ಕಟ್ಟಿ 1995ರಲ್ಲಿ ಹೊರತಂದದ್ದು. ಲಿನಕ್ಸಿಗೆ ಒಳ್ಳೆಯ ಮುಖ ಬೇಕೆಂದು ಜರ್ಮನಿಯ ಮತ್ತಿಯಾಸ್ ಎಟ್ರಿಚ್ 1996ರಲ್ಲಿ ಕೆಡಿಇ ಆರಂಭಿಸಿದಾಗ ಇದನ್ನೇ ಆರಿಸಿಕೊಂಡರು. ಕ್ಯೂಟಿಯ ಪರವಾನಗಿ ಆಗ ಪೂರ್ತಿ ಮುಕ್ತವಾಗಿರಲಿಲ್ಲ ಎಂಬ ಕಾರಣಕ್ಕೆ ದೊಡ್ಡ ಜಗಳವಾಯಿತು. 1997ರಲ್ಲಿ ಮೆಕ್ಸಿಕೋದ ಮಿಗೆಲ್ ದೆ ಇಕಾಝಾ ಮತ್ತು ಫೆಡೆರಿಕೊ ಮೆನಾ ಇದಕ್ಕೆ ಬದಲಾಗಿ ಗ್ನೋಮ್ ಶುರು ಮಾಡಿದರು. ಕಾಗದದ ಮೇಲಿನ ಒಂದು ಷರತ್ತಿಗಾಗಿ ಎರಡು ಸಾಮ್ರಾಜ್ಯ ಹುಟ್ಟಿದವು ಅನ್ನಬಹುದು. ಕ್ಯೂಟಿಯವರು 2000ದಲ್ಲಿ ತಮ್ಮ ಪರವಾನಗಿ ಸಡಿಲಿಸಿದರು. ಅಷ್ಟರಲ್ಲಿ ಗ್ನೋಮ್ ತನ್ನ ಕಾಲ ಮೇಲೆ ನಿಂತಿತ್ತು.

ಗ್ನೋಮ್ ಆಧರಿಸಿದ್ದು ಜಿಟಿಕೆ ಎಂಬ ಮೂರನೆಯ ಉಪಕರಣವನ್ನು. ಅದು ಹುಟ್ಟಿದ್ದು ಬೇರೊಂದು ಕೆಲಸದ ಉಪಉತ್ಪನ್ನವಾಗಿ. ಬರ್ಕಲಿಯ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್, ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶ ಬರೆಯುತ್ತಿದ್ದರು. ಅದಕ್ಕೆ ಮೊದಲು ಬಳಸಿದ ಮೋಟಿಫ್ ಎಂಬುದು ಪರವಾನಗಿ ಕೊಂಡು ಬಳಸಬೇಕಾದದ್ದು. ಅದು ಹಿಡಿಸದೆ ಗುಂಡಿ ಪೆಟ್ಟಿಗೆಗಳನ್ನೂ ತಾವೇ ಮಾಡಿಕೊಂಡರು. ಡೆಲ್ಫಿಯ ರುಚಿ ಕಂಡವರಿಗಾಗಿ ಲಾಝರಸ್ ಎಂಬುದೂ ಇದೆ. ಡೆಲ್ಫಿಯಂತೆಯೇ ಹಲಗೆಯ ಮೇಲೆ ಎಳೆದು ಇಡಬಹುದು, ಉಚಿತ, ಲಿನಕ್ಸಿನಲ್ಲೂ ನಡೆಯುತ್ತದೆ. ನನ್ನ ಒಬ್ಬನ ಅನುಕೂಲ ನೋಡಿದ್ದರೆ ಲಾಝರಸ್ಸನ್ನೇ ಹಿಡಿಯುತ್ತಿದ್ದೆ. ಆದರೆ ಮೇಡಂ ಅವರು ಪ್ಯಾಸ್ಕಲ್ ಕಲಿತಿಲ್ಲ. ಇನ್ನು ಕಲಿಯಿರಿ ಎಂದು ಹೇಳುವ ಹಕ್ಕು ನನಗಿಲ್ಲ.

ಹಾಗಾಗಿ ಪೈಥಾನ್, ಟಿಕಿಂಟರ್ ಎಂದು ಮನಸ್ಸು ಮಾಡಿದೆ. ನನ್ನ ಮನೆಯ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಎರಡು ವಾರ ಕೂತು ಬರೆದೆ. ಚೆನ್ನಾಗಿ ಬಂತು. ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಒಂದು ಶನಿವಾರ ಊರಿಗೆ ಹೋದೆ. ಉಬುಂಟುವಿನಲ್ಲಿ ಟಿಕಿಂಟರ್ ಬೇರೆಯಾಗಿ ಹಾಕಬೇಕಾಗುತ್ತದೆ, ಅದನ್ನೂ ತಂದಿದ್ದೆ. ಮೇಡಂ ಅವರು 1974ರ ಮೊದಲ ಪುಟ ತೆರೆದು ಮೊದಲ ಹೆಸರು ಟೈಪ್ ಮಾಡಿದರು. ಲಕ್ಷ್ಮಮ್ಮ.

ಪರದೆಯ ಮೇಲೆ ಲ ಬಂತು. ಆಮೇಲೆ ಕ, ಅದರ ಮೇಲೊಂದು ಬಿಡಿ ವಿರಾಮ ಚಿಹ್ನೆ, ಷ, ಮತ್ತೊಂದು ವಿರಾಮ ಚಿಹ್ನೆ, ಮ, ಮತ್ತೆ ಮ, ವಿರಾಮ, ಮ. ಒತ್ತಕ್ಷರ ಒಂದೂ ಕೂಡಲಿಲ್ಲ. ತೇರು ಬಿಚ್ಚಿಟ್ಟ ಹಾಗೆ ಹೆಸರು ಬಿಡಿಬಿಡಿಯಾಗಿ ಬಿದ್ದಿತ್ತು. "ಸರ್, ಹೀಗೇ ಇರುತ್ತಾ?" ಎಂದರು ಮೇಡಂ. ಪಕ್ಕದಲ್ಲಿದ್ದ ಒಂಬತ್ತನೇ ತರಗತಿಯ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಕಾರಣ ಹುಡುಕಿದಾಗ ತಿಳಿದದ್ದು ಇದು. ಟಿಕೆಗೆ ಯೂನಿಕೋಡ್ 1999ರಿಂದಲೇ ಗೊತ್ತು. ಅಕ್ಷರಗಳನ್ನು ಸರಿಯಾಗಿಯೇ ಸಂಗ್ರಹಿಸುತ್ತದೆ. ಆದರೆ ಸಂಗ್ರಹಿಸುವುದು ಬೇರೆ, ಬರೆದು ತೋರಿಸುವುದು ಬೇರೆ. ಇಂಗ್ಲಿಷಿನಲ್ಲಿ ಒಂದು ಸಂಕೇತಕ್ಕೆ ಒಂದು ಆಕಾರ, ಪಕ್ಕಪಕ್ಕ ಜೋಡಿಸಿದರೆ ಸಾಕು. ಕನ್ನಡದಲ್ಲಿ ಕ, ವಿರಾಮ, ಷ ಎಂಬ ಮೂರು ಸಂಕೇತ ಸೇರಿ ಕ್ಷ ಎಂಬ ಒಂದು ಆಕಾರವಾಗಬೇಕು. ರ್ಯ ಎಂಬಲ್ಲಿ ಮೊದಲು ಬಂದ ರ ಅರ್ಕಾವೊತ್ತಾಗಿ ಹಿಂದಕ್ಕೆ ಹೋಗಬೇಕು. ಈ ಜೋಡಣೆಯನ್ನು ಮಾಡುವ ಬೇರೊಂದು ಪದರ ಬೇಕು. ವಿಂಡೋಸಿನಲ್ಲಿ ಆ ಕೆಲಸವನ್ನು ವಿಂಡೋಸೇ ಮಾಡಿಕೊಡುತ್ತಿತ್ತು, ನನ್ನ ಲ್ಯಾಪ್‌ಟಾಪಿನಲ್ಲಿ ಕನ್ನಡ ಸರಿ ಕಂಡದ್ದು ಅದಕ್ಕೆ. ಲಿನಕ್ಸಿನಲ್ಲಿ ನಾನು ಬಳಸಿದ ಟಿಕೆ ಆ ಪದರವನ್ನು ಕೇಳುವುದೇ ಇಲ್ಲ. ಒಂದೊಂದು ಸಂಕೇತಕ್ಕೆ ಒಂದೊಂದು ಆಕಾರ ಇಟ್ಟು ಸುಮ್ಮನಾಗುತ್ತದೆ. ಶಾಲೆಯ ಯಂತ್ರದಲ್ಲಿ ಮೊದಲು ನೋಡದೆ ನನ್ನ ಯಂತ್ರ ನೋಡಿ ಬರೆದದ್ದು ನನ್ನ ತಪ್ಪು.

ಜಿಟಿಕೆಯಲ್ಲಿ ಆ ಪದರದ ಹೆಸರು ಪ್ಯಾಂಗೋ. ಗ್ರೀಕಿನಲ್ಲಿ ಪ್ಯಾನ್ ಅಂದರೆ ಎಲ್ಲ, ಜಪಾನಿಯಲ್ಲಿ ಗೋ ಅಂದರೆ ಭಾಷೆ. ಎರಡೂ ಸೇರಿ ಎಲ್ಲ ಭಾಷೆಗಳದ್ದು. 2002ರ ಎರಡನೆಯ ಆವೃತ್ತಿಯಿಂದ ಜಿಟಿಕೆಯ ಪ್ರತಿಯೊಂದು ಗುಂಡಿ, ಪೆಟ್ಟಿಗೆಯೂ ಪ್ಯಾಂಗೋ ಮೂಲಕವೇ ಬರೆಯುತ್ತದೆ. ಇನ್ನೊಂದು ಸಂಗತಿ ನಮ್ಮ ಪುಣ್ಯಕ್ಕೆ ಒದಗಿತು. ಉಬುಂಟುವಿನ ಸ್ವಂತ ಉಪಕರಣಗಳು ಕೆಲವು ಪೈಥಾನ್ ಮತ್ತು ಜಿಟಿಕೆಯಲ್ಲೇ ಬರೆದವಾದ್ದರಿಂದ ಇವೆರಡೂ, ಇವನ್ನು ಬೆಸೆಯುವ ಕೊಂಡಿಯೂ, ಪ್ರತಿ ಯಂತ್ರದಲ್ಲಿ ಮೊದಲೇ ಇದ್ದವು. ಇಂಟರ್ನೆಟ್ಟಿನಿಂದ ಒಂದು ಕಡತವನ್ನೂ ಇಳಿಸಬೇಕಾಗಲಿಲ್ಲ. ಎಸ್‌ಕ್ಯೂಲೈಟನ್ನು ಬಳಸುವ ಸೌಲಭ್ಯವೂ ಪೈಥಾನಿನೊಳಗೇ 2006ರಿಂದ ಇದೆ. ಎದುರಿಗೆ ಬುತ್ತಿ ಇಟ್ಟುಕೊಂಡು ಊಟಕ್ಕೆ ಊರೆಲ್ಲ ಅಲೆದಂತಾಗಿತ್ತು.

ಹತ್ತು ದಿನದಲ್ಲಿ ಮತ್ತೆ ಬರೆದೆ. ಜಿಟಿಕೆಗೆ ಗ್ಲೇಡ್ ಎಂಬ ಚಿತ್ರ ಬಿಡಿಸುವ ಹಲಗೆ ಇದೆ. ಅದನ್ನು ಬೇಕೆಂದೇ ಬಿಟ್ಟೆ. ಇರುವುದು ಒಂದೇ ಕಿಟಕಿ. ಅದನ್ನು ಪೈಥಾನಿನಲ್ಲೇ ಸಾಲುಸಾಲಾಗಿ ಬರೆದರೆ ಇಡೀ ತಂತ್ರಾಂಶ ಒಂದೇ ಕಡತದಲ್ಲಿರುತ್ತದೆ, ಓದುವವರು ಒಂದೇ ಕಡೆ ನೋಡಿದರೆ ಸಾಕು. ವಿಷುಯಲ್ ಬೇಸಿಕ್‌ನಲ್ಲಿ ಬೆಳೆದ ಕೈಗೆ ಇದು ಬೇಸರದ ಕೆಲಸ. ಒಂದು ಪೆಟ್ಟಿಗೆಯನ್ನು ಸ್ವಲ್ಪ ಎಡಕ್ಕೆ ಸರಿಸಲು ಸಂಖ್ಯೆ ಬದಲಿಸಿ, ಓಡಿಸಿ, ನೋಡಿ, ಮತ್ತೆ ಬದಲಿಸಬೇಕು. ಕಿಟಕಿ ನೋಡುವುದಕ್ಕೂ ಅಷ್ಟೇನೂ ಚೆಂದವಾಗಿಲ್ಲ. ಸಮಿತಿಯ ಯುವಕರು ಬಣ್ಣ ಹಾಕಿ ಎಂದರು. ಹಾಕಲಿಲ್ಲ.

ಟೈಪ್ ಮಾಡಲು ಬೇರೆ ತಂತ್ರಾಂಶ ಬೇಕಾಗಲಿಲ್ಲ. ಉಬುಂಟುವಿನ ಕೀಲಿಮಣೆಗಳ ಪಟ್ಟಿಯಲ್ಲಿ ಕಗಪ ಎಂಬ ಹೆಸರಿದೆ. ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳು ಅವು. ಜಗತ್ತಿನ ಎಲ್ಲೆಡೆಯ ಲಿನಕ್ಸ್ ಯಂತ್ರಗಳಲ್ಲಿ ಆ ಮೂರಕ್ಷರ ಕೂತಿರುವುದನ್ನು ಕಂಡಾಗ ನನಗೆ ಸುಮ್ಮನೆ ಸಂತೋಷವಾಯಿತು.

ಹುಡುಕುವ ಗುಂಡಿ ಮಾತ್ರ ಒಂದು ಆಟವಾಡಿಸಿತು. ಗೋಪಾಲ ಎಂದು ಹುಡುಕಿದರೆ ಕೆಲವು ಗೋಪಾಲರು ಸಿಗುತ್ತಿದ್ದರು, ಕೆಲವರು ಸಿಗುತ್ತಿರಲಿಲ್ಲ. ಕಣ್ಣಿಗೆ ಎಲ್ಲರೂ ಒಂದೇ. ಯೂನಿಕೋಡಿನಲ್ಲಿ ಗೋ ಅಕ್ಷರದ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಒತ್ವಕ್ಕೆ ದೀರ್ಘ ಸೇರಿಸಿ ಬಿಡಿಯಾಗಿಯೂ ಬರೆಯಬಹುದು. ಟೈಪ್ ಮಾಡಿದ್ದು ಒಂದು ಬಗೆ, ಹಳೆಯ ಕಡತದಿಂದ ಪರಿವರ್ತಿಸಿ ತಂದದ್ದು ಇನ್ನೊಂದು ಬಗೆ. ಎರಡನ್ನೂ ಒಂದೇ ರೂಪಕ್ಕೆ ತರುವ ಸೌಲಭ್ಯ ಪೈಥಾನಿನಲ್ಲಿದೆ. ಒಂದು ಸಾಲು ಸೇರಿಸಿದ ಮೇಲೆ ಗೋಪಾಲರೆಲ್ಲರೂ ಹಾಜರಾದರು.

ಹಳೆಯ ಕಡತ ಎಂದೆ. ಹೌದು, 2003ರ ದತ್ತಾಂಶ ಸಿಕ್ಕಿತು. ಕಚೇರಿಯ ದ್ವಿತೀಯ ದರ್ಜೆ ಸಹಾಯಕರು ಅದನ್ನು ಒಂದು ಸಿ.ಡಿ.ಯಲ್ಲಿ ಹಾಕಿ, ಮೇಲೆ ಸ್ಕೆಚ್ ಪೆನ್ನಿನಿಂದ ವರ್ಷ ಬರೆದು, ಬೀರುವಿನ ಕೆಳಗಿನ ಖಾನೆಯಲ್ಲಿ ಇಟ್ಟು ವರ್ಗವಾಗಿ ಹೋಗಿದ್ದರು. ತೆರೆದಾಗ ಕಂಡದ್ದು ನಾನು ಮೇಲೆ ಹೇಳಿದ ಫ್ರೆಂಚ್ ಅಕ್ಷರಗಳ ರಾಶಿ. ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ಈಗ ಇವೆ. ಬಹುಪಾಲು ಸರಿಯಾಯಿತು. ಅರ್ಕಾವೊತ್ತುಗಳು ಅಲ್ಲಲ್ಲಿ ಜಾಗ ತಪ್ಪಿದವು. ಹಳೆಯ ಫಾಂಟಿನಲ್ಲಿ ಅದನ್ನು ಅಕ್ಷರದ ನಂತರ ಒತ್ತುತ್ತಿದ್ದೆವು, ಯೂನಿಕೋಡಿನಲ್ಲಿ ರ ಮೊದಲು ಬರುತ್ತದೆ. ಸೂರ್ಯ, ಪಾರ್ವತಿ, ಕೀರ್ತಿ ಎಂಬವರನ್ನೆಲ್ಲ ಒಬ್ಬೊಬ್ಬರನ್ನಾಗಿ ರಿಜಿಸ್ಟರಿನ ಜೊತೆ ತಾಳೆ ನೋಡಿ ಮೇಡಂ ಮತ್ತು ಮಕ್ಕಳು ತಿದ್ದಿದರು. ನಾನು ಒಂದು ಸಂಜೆಯಲ್ಲಿ ಮಾಡಿದ ಆಯ್ಕೆಯನ್ನು ಇಪ್ಪತ್ತು ವರ್ಷದ ಮೇಲೆ ಮಕ್ಕಳು ಎರಡು ತಿಂಗಳು ಕೂತು ಸರಿಪಡಿಸಿದರು.

ಈ ಲೇಖನ ಅಚ್ಚಿಗೆ ಹೋಗುವ ಹೊತ್ತಿಗೆ ನಾಲ್ಕು ರಿಜಿಸ್ಟರು ಮುಗಿದು ಐದನೆಯದು ನಡೆಯುತ್ತಿದೆ. ಅಂದು ನಕ್ಕ ಹುಡುಗಿ ಈಗ ಹತ್ತನೇ ತರಗತಿ. ಊರಿನ ಹೆಸರಿಗೂ ಒಂದು ಪೆಟ್ಟಿಗೆ ಇರಲಿ ಎಂದು ಮೇಡಂ ಹೇಳಿದಾಗ ಅದನ್ನು ಸೇರಿಸಿದ್ದು ಅವಳೇ. ನನಗೆ ಆಮೇಲೆ ಫೋನಿನಲ್ಲಿ ತಿಳಿಸಿದರು. ತಂತ್ರಾಂಶದ ಮೂಲ ಬರಹ ಏಳೂ ಯಂತ್ರಗಳಲ್ಲಿದೆ. ಅದನ್ನು ಕಾಗದದ ಮೇಲೂ ಮುದ್ರಿಸಿ, ಹೊಲಿಸಿ, ರಟ್ಟು ಹಾಕಿಸಿ ದಾಖಲಾತಿ ರಿಜಿಸ್ಟರುಗಳ ಪಕ್ಕದಲ್ಲಿ ಬೀರುವಿನಲ್ಲಿ ಇಟ್ಟಿದ್ದೇವೆ. ಪ್ರತಿ ತುಂಡು ಏನು ಮಾಡುತ್ತದೆ ಎಂಬುದನ್ನು ಕನ್ನಡದಲ್ಲೇ ಅಂಚಿನಲ್ಲಿ ಬರೆದಿದೆ. ಗಣಿತ ಮೇಷ್ಟ್ರು ಬಂದು ಆ ಪುಸ್ತಕ ತಿರುವಿ, ಅಂಚಿನ ಎರಡು ಕಾಗುಣಿತ ತಪ್ಪುಗಳನ್ನು ಕೆಂಪು ಪೆನ್ನಿನಿಂದ ತಿದ್ದಿ ಹೋಗಿದ್ದಾರೆ.

ಮಹೋತ್ಸವದ ಎರಡೂ ದಿನ ಪ್ರಯೋಗಾಲಯ ತೆರೆದಿರುತ್ತದೆ. ಹಳೆಯ ವಿದ್ಯಾರ್ಥಿಗಳು ಬಂದು ತಮ್ಮ ಹೆಸರು, ತಂದೆಯ ಹ��ಸರು, ಸೇರಿದ ದಿನಾಂಕ ನೋಡಬಹುದು. ತಪ್ಪು ಕಂಡರೆ ದಯವಿಟ್ಟು ಅಲ್ಲಿರುವ ಮಕ್ಕಳಿಗೆ ತಿಳಿಸಿ. ರಿಜಿಸ್ಟರು ಪಕ್ಕದಲ್ಲೇ ಇರುತ್ತದೆ, ತಾಳೆ ನೋಡಿ ತಿದ್ದುತ್ತಾರೆ.